ವರದಿ ಬರುವವರೆಗೆ ಮೌನವೇ?



ತಮ್ಮ ಉಪ್ಪಿನಕಾಯಿಯ ಬಾಟಲಿಯೊಂದರಲ್ಲಿ ಬೂಷ್ಟು ಕಂಡುದಾಗಿ ಪತ್ರಿಕೆಯು ಪ್ರಕಟಿಸಿರುವಾಗ, ಪರೀಕ್ಷಾವರದಿ ಕೈಸೇರುವವರೆಗೆ ಮೌನವಾಗಿರುವುದು ಉಚಿತವೇ ಎಂದು ಕೇಳಿರುವಿರಿ. ಉಚಿತವಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

2015ರಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶವು ಮಿತಿಮೀರಿದೆಯೆಂಬ ವಾರ್ತೆಯು ದೇಶವನ್ನೆಲ್ಲ ವ್ಯಾಪಿಸಿದಾಗ, ನೆಸ್ಲೆ ಸಂಸ್ಥೆಯು ತನ್ನ ಪರೀಕ್ಷೆಗಳ ಫಲಿತಾಂಶವನ್ನೇ ಮುಂದಿಟ್ಟಿತು. ಜೂನ್ ತಿಂಗಳಿನಲ್ಲಿ ಬಂದ ನಿಷೇಧವನ್ನು ಆಗಸ್ಟ್‌ನಲ್ಲಿ ಮುಂಬಯಿಯ ಉಚ್ಚನ್ಯಾಯಾಲಯವು ರದ್ದುಗೊಳಿಸಿತು; ಮರುಪರೀಕ್ಷೆಯಲ್ಲಿ ತೇರ್ಗಡೆಯಾದ ಪದಾರ್ಥವು ನವೆಂಬರಿನಲ್ಲಿ ಅಂಗಡಿಗೆ ಮರಳಿತಾದರೂ, ಆತಂಕಗೊಂಡ ತಾಯಂದಿರಿಗೆ ಮೊದಲ ದಿನವೇ ಬೇಕಾಗಿದ್ದ ಸಾಂತ್ವನದ ಮಾತನ್ನು ಯಾವ ತೀರ್ಪೂ ತುಂಬಿಕೊಡಲಾರದು.

ಇದಕ್ಕೆ ವ್ಯತಿರಿಕ್ತವಾಗಿ, 1982ರಲ್ಲಿ ಷಿಕಾಗೋ ಪರಿಸರದಲ್ಲಿ ಯಾರೋ ದುರುಳರು ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿ ಏಳು ಮಂದಿ ಮೃತರಾದಾಗ, ದೋಷವು ತನ್ನದಲ್ಲದಿದ್ದರೂ ಅವುಗಳ ತಯಾರಕ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯು ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ಪಡೆದು, ಮಾಧ್ಯಮಗಳ ಮೂಲಕವೇ ಜನರನ್ನು ಎಚ್ಚರಿಸಿ, ಕೆಲವೇ ತಿಂಗಳುಗಳಲ್ಲಿ ಭದ್ರಮುದ್ರೆಯ ಸೀಸೆಗಳೊಡನೆ ಮರಳಿ ಜನವಿಶ್ವಾಸವನ್ನು ಗಳಿಸಿತು.

ತಾವೂ ಆ ಬ್ಯಾಚಿನ ಬಾಟಲಿಗಳನ್ನು ಇಂದೇ ಅಂಗಡಿಗಳಿಂದ ತರಿಸಿಕೊಳ್ಳಿರಿ. ಸಂಪಾದಕರಿಗೆ ತಾವೇ ಸಹಿಮಾಡಿದ ಪತ್ರದಲ್ಲಿ ತಿಳಿದುದನ್ನು ತಿಳಿದಂತೆ ಬರೆದು, ಉಳಿದುದು ಪರೀಕ್ಷೆಯಲ್ಲಿದೆಯೆಂದು ಒಪ್ಪಿಕೊಳ್ಳಿರಿ. ವರದಿಗಾರರನ್ನು ಶತ್ರುಗಳೆಂದೆಣಿಸದೆ ತಯಾರಿಕೆಯ ಸ್ಥಳಕ್ಕೇ ಆಹ್ವಾನಿಸಿರಿ. ವಕೀಲರ ನೋಟೀಸನ್ನಂತೂ ಕಳುಹಿಸಲೇಬೇಡಿರಿ.