ಮಂಡಿಯ ಪೆಟ್ಟು ತೊಡೆಯಲ್ಲಿ ವಾಸಿಯಾಗಬೇಕು

ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದು, ಆಪರೇಷನ್ ಮಾಡಿಸಿಕೊಂಡು, ಫಿಸಿಯೋಥೆರಪಿಯ ಬೇಸರವನ್ನೆಲ್ಲ ದಾಟಿ ಬಂದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದೇ: ಪೆಟ್ಟು ಬೀಳುವುದು ಮಂಡಿಗೆ, ಸೊರಗುವುದು ತೊಡೆ, ದಾರಿ ತಪ್ಪುವುದು ನರಮಂಡಲ. ಕಬಡ್ಡಿ, ಫುಟ್‌ಬಾಲ್, ಷಟಲ್ ಆಡುವವರಾಗಲಿ, ಬೈಕಿನಿಂದ ಬಿದ್ದವರಾಗಲಿ, ಎಲ್ಲರೂ ಕೇಳುವುದು ಎಂಆರ್‌ಐನಲ್ಲಿ ಏನು ಬಂತು, ಆಪರೇಷನ್ ಬೇಕಾ, ಎಷ್ಟು ತಿಂಗಳಿಗೆ ಆಡಬಹುದು ಎಂದು. ತೊಡೆಯ ಬಲ ಎಷ್ಟು ಮರಳಿದೆ ಎಂದು ಕೇಳುವವರು ಕಡಿಮೆ. ಮಂಡಿ ವಾಸಿಯಾಯಿತೇ ಎಂಬುದಕ್ಕೆ ಸ್ಕ್ಯಾನ್‌ಗಿಂತ, ಕ್ಯಾಲೆಂಡರ್‌ಗಿಂತ ಆ ಬಲದ ಅಳತೆಯೇ ಒಳ್ಳೆಯ ಸಾಕ್ಷಿ ಎಂಬುದು ನನ್ನ ವಾದ.

ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಅದನ್ನು ಒತ್ತಿ ಹಿಡಿಯುವುದು ಫಿಸಿಯೋಥೆರಪಿಯ ಮೊದಲ ಪಾಠ. ಒಳ್ಳೆಯ ಕಾಲಿನಲ್ಲಿ ಮಂಡಿಚಿಪ್ಪು ಮೇಲಕ್ಕೆ ಸರಿದು, ಅದರ ಒಳಬದಿಯ ಸ್ನಾಯು ಗಟ್ಟಿಯಾಗಿ ಉಬ್ಬುತ್ತದೆ. ಪೆಟ್ಟಾದ ಕಾಲಿನಲ್ಲಿ ಆ ಜಾಗ ಮೆತ್ತಗೇ ಉಳಿಯುತ್ತದೆ. ಹಲ್ಲು ಕಚ್ಚಿ ಒತ್ತಿದರೆ ಪೃಷ್ಠ ಬಿಗಿಯುತ್ತದೆ, ತೊಡೆಯ ಹಿಂಭಾಗ ಬಿಗಿಯುತ್ತದೆ, ಬೇಕಾದ ಸ್ನಾಯು ಮಾತ್ರ ಏಳುವುದಿಲ್ಲ. ವಾರಗಟ್ಟಲೆ ಮಲಗಿದರೆ ಯಾರ ತೊಡೆಯಾದರೂ ಸೊರಗುತ್ತದಲ್ಲ, ಇದರಲ್ಲಿ ನರದ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ಯಾವ ಗಾಯವೂ ಇಲ್ಲದ ಮಂಡಿಗಳ ಕೀಲಿನೊಳಗೆ ಸಂಶೋಧಕರು ಲವಣದ್ರಾವಣ ತುಂಬಿದರು. 20–30 ಮಿ.ಲೀ. ಸೇರುವಷ್ಟರಲ್ಲಿ ಒಳಬದಿಯ ಸ್ನಾಯುವಿನ ನರಸ್ಪಂದನೆ ಕುಗ್ಗಿತು, 50–60 ಮಿ.ಲೀ. ಆಗುವಾಗ ತೊಡೆಯ ಮುಂಭಾಗದ ಉಳಿದ ಸ್ನಾಯುಗಳದೂ ಕುಗ್ಗಿತು. ಅಲ್ಲಿ ಗಾಯವಿರಲಿಲ್ಲ, ಸ್ನಾಯು ಸೊರಗಲು ಸಮಯವೂ ಇರಲಿಲ್ಲ. ಊದಿದ ಕೀಲಿನಿಂದ ಹೋದ ಸಂಕೇತ ಬೆನ್ನುಹುರಿಯ ಮಟ್ಟದಲ್ಲೇ ಸ್ನಾಯುವಿಗೆ ಬರುವ ಆಜ್ಞೆಯನ್ನು ತಗ್ಗಿಸುತ್ತದೆ. ಪಂಪ್‌ಸೆಟ್ಟಿನ ಮೋಟರ್ ಸುಟ್ಟಿಲ್ಲ, ಲೈನಿನಲ್ಲಿ ಕರೆಂಟೇ ಕಡಿಮೆಯಾಗಿದೆ. ಮಲಗಿದ್ದರಿಂದಾಗುವ ಸೊರಗುವಿಕೆ ಇದರ ಮೇಲೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಊತ ಇಳಿಸುವುದು, ಐಸ್ ಇಡುವುದು, ವಿದ್ಯುತ್ ಪ್ರಚೋದನೆಯಿಂದ ಸ್ನಾಯುವನ್ನು ಎಬ್ಬಿಸುವುದು ಬರೀ ಉಪಚಾರವಲ್ಲ. ಬಲದ ತರಬೇತಿ ಶುರುವಾಗುವುದೇ ಅಲ್ಲಿಂದ.

ತೊಂದರೆ ಬೆನ್ನುಹುರಿಗೆ ನಿಲ್ಲುವುದೂ ಇಲ್ಲ. ಎಸಿಎಲ್ ಎರಡು ಮೂಳೆಗಳನ್ನು ಹಿಡಿದಿಡುವ ಹಗ್ಗ ಮಾತ್ರವಲ್ಲ. ಕೀಲು ಎಷ್ಟು ಮಡಚಿದೆ, ಎಷ್ಟು ಎಳೆದಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಅದರೊಳಗಿವೆ. ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ ತೆಗೆದು ಕೂರಿಸಿದ ಹೊಸ ಎಳೆ ಮಂಡಿಯನ್ನು ಹಿಡಿದಿಡುತ್ತದೆ, ಆ ಸುದ್ದಿಜಾಲವನ್ನು ಕೂಡಲೇ ಮರಳಿಸುವುದಿಲ್ಲ. ಆಪರೇಷನ್ ಆದವರು ಮಂಡಿ ಆಡಿಸುವಾಗ ನೋಟಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಕೆಲಸ ಮಾಡುವುದು ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡುಬಂದಿದೆ. ಮಂಡಿಯಿಂದ ಬಾರದ ಸುದ್ದಿಯನ್ನು ಕಣ್ಣಿನಿಂದ ತುಂಬಿಕೊಳ್ಳುವ ಪ್ರಯತ್ನ ಇದು ಎಂದು ಸಂಶೋಧಕರು ವಿವರಿಸುತ್ತಾರೆ. ಕನ್ನಡಿಯ ಮುಂದೆ ಚೆನ್ನಾಗಿ ಬಸ್ಕಿ ಹೊಡೆಯುವವನು ಮೈದಾನದಲ್ಲಿ ಎದುರಾಳಿಯ ಮೇಲೆ ಕಣ್ಣಿಟ್ಟು ತಿರುಗುವಾಗ ತಡವರಿಸಬಹುದಾದ್ದು ಇದಕ್ಕೇ. ಪೆಟ್ಟಾಗದ ಕಾಲಿನ ತೊಡೆಯೂ ಕುಂದುವುದರಿಂದ, ಎರಡೂ ಕಾಲು ಸಮವಾಗಿವೆ ಎಂಬ ಸಮಾಧಾನವನ್ನೂ ಪೂರ್ತಿ ನಂಬುವ ಹಾಗಿಲ್ಲ. ಇಬ್ಬರು ಬಡವರ ನಡುವಿನ ಸಮಾನತೆ ಅದು.

ಹಾಗಾದರೆ ಆಪರೇಷನ್ನೇ ದಂಡವೇ? ಹಾಗೆ ಹೇಳಲಾರೆ. ಮಂಡಿ ಮತ್ತೆ ಮತ್ತೆ ಜಾರುವವರಿಗೆ, ದಿಢೀರನೆ ತಿರುಗುವ ಆಟಗಳಿಗೆ ಮರಳುವವರಿಗೆ ಅದು ಬೇಕಾಗಬಹುದು. ಆದರೆ 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂಬ ಗುಂಪಿನ 59 ಜನರಲ್ಲಿ 36 ಮಂದಿ ಎರಡು ವರ್ಷ ಲಿಗಮೆಂಟ್ ಆಪರೇಷನ್ ಇಲ್ಲದೆಯೇ ಕಳೆದರು. ಈ ಗುಂಪಿಗೂ ಶುರುವಿನಲ್ಲೇ ಆಪರೇಷನ್ ಎಂಬ ಇನ್ನೊಂದು ಗುಂಪಿಗೂ ಸರಾಸರಿ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಆದರೂ ಆಗದಿದ್ದರೂ ತೊಡೆಯ ಕೆಲಸ ತಪ್ಪುವುದಿಲ್ಲ. ದೊಡ್ಡ ಆಟಗಾರರು ಆರೇ ತಿಂಗಳಿಗೆ ಮರಳುತ್ತಾರಲ್ಲ ಎನ್ನುವವರು 2016ರ ಡೆಲವೇರ್–ಆಸ್ಲೋ ಅಧ್ಯಯನವನ್ನು ನೋಡಬೇಕು. ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಅರ್ಧದಷ್ಟು ಇಳಿದಿತ್ತು. ತೊಡೆಯ ಬಲ ಸಮವಾಗಿದ್ದವರಿಗೆ ಅಪಾಯ ಇನ್ನೂ ಕಡಿಮೆ. ತಿಂಗಳು ಎಣಿಸಿದರಷ್ಟೇ ಸಾಲದು, ಬಲವೂ ಬೇಕು.

ಬಲ ಅಳೆಯುವ ದುಬಾರಿ ಯಂತ್ರ ತಾಲ್ಲೂಕು ಊರುಗಳಲ್ಲಿ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಜಿಮ್ಮಿನ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ, ಫಿಸಿಯೋಥೆರಪಿಸ್ಟ್ ಒಪ್ಪಿದ ಹಂತದಲ್ಲಿ, ಒಂದೊಂದೇ ಕಾಲಿನಿಂದ ಎಷ್ಟು ಭಾರ ಎತ್ತಬಹುದೆಂದು ಬರೆದಿಟ್ಟುಕೊಳ್ಳಲು ಹೆಚ್ಚು ಖರ್ಚಿಲ್ಲ. ಒಂಟಿಕಾಲಿನ ಜಿಗಿತವನ್ನಷ್ಟೇ ನೆಚ್ಚಬೇಡಿ. ಸೊಂಟವೂ ಪಾದದ ಕೀಲೂ ಸೇರಿ ಮಂಡಿಯ ಕೊರತೆಯನ್ನು ಮುಚ್ಚಿಬಿಡುತ್ತವೆ. ನೋವು ಹೋಯಿತು, ನಡಿಗೆ ಸರಿಯಾಯಿತು ಎಂದು ಫಿಸಿಯೋಥೆರಪಿ ಬಿಡುವ ಮುನ್ನ ನಿಮ್ಮ ಫಿಸಿಯೋಥೆರಪಿಸ್ಟರನ್ನು ಒಂದು ಮಾತು ಕೇಳಿ: ನನ್ನ ಎರಡೂ ತೊಡೆಗಳ ಬಲ ಎಷ್ಟೆಷ್ಟಿದೆ? ಅದಕ್ಕೆ ಅಂಕಿಯಲ್ಲಿ ಉತ್ತರ ಸಿಗುವವರೆಗೆ ಆಟದ ಬೂಟು ಕಟ್ಟಬೇಡಿ.