ಮೊದಲು ಪಕ್ಕದ ಮನೆಯವರನ್ನು ಕೇಳಿ

ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದಲೇ ಮಗ ಕಂಪನಿ ಕೆಲಸ ಮಾಡಬೇಕು, ಯಾವ ಇಂಟರ್ನೆಟ್ ಹಾಕಿಸಲಿ ಎಂದು ಕೇಳಿದ್ದೀರಿ. ನಿಮ್ಮ ರಸ್ತೆಗೆ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆಯಲ್ಲ, ಅದನ್ನೇ ಹಾಕಿಸಿ. ಏರ್‌ಫೈಬರ್ ಬೇಡ, ಅದರಲ್ಲಿ ಮನೆಗೆ ಸಂಪರ್ಕ ಬರುವುದು ಟವರಿನಿಂದ, ಕೇಬಲ್ಲಿನಿಂದಲ್ಲ. ನಡುವೆ ಗುಡ್ಡವೋ ದಟ್ಟ ಮರಗಳೋ ಇದ್ದರೆ ವೇಗ ಕುಸಿಯುತ್ತದೆ.

ಫೈಬರಿಗೆ ಕಾಟ ಮಳೆಗಾಲದ್ದು. ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ಲಿನ ಮೇಲೆ ಕೊಂಬೆ ಬಿದ್ದು ತುಂಡಾಯಿತೆನ್ನಿ. ಒಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಕರೆಂಟಿನ ವೈರಿನಂತೆ ಹೊಸೆದು ಟೇಪು ಸುತ್ತಿದರೆ ಆಗದು, ಸ್ಪ್ಲೈಸಿಂಗ್ ಯಂತ್ರ ತಂದು ಬೆಸೆಯಬೇಕು. ಆದ್ದರಿಂದ ಪ್ಲಾನ್ ನೋಡುವ ಮೊದಲು ಅಕ್ಕಪಕ್ಕದವರನ್ನು ವಿಚಾರಿಸಿ: ಕಳೆದ ಆಷಾಢದಲ್ಲಿ ಲೈನ್ ಹೋದಾಗ ರಿಪೇರಿಯವರು ಬಂದದ್ದು ಎಷ್ಟು ದಿನಕ್ಕೆ? ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ ಪ್ರಶ್ನೆಯಿಲ್ಲ.

ವಿಡಿಯೊ ಮೀಟಿಂಗಿಗೆ 30 ಎಂಬಿಪಿಎಸ್ ಧಾರಾಳ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಒಂದು ಮಳೆಗಾಲ ಕಳೆಯಲಿ. ಕರೆಂಟ್ ಹೋದರೆ ಮೋಡೆಮ್ಮೂ ಆರುತ್ತದೆ, ಅದನ್ನು ಇನ್ವರ್ಟರ್ ಲೈನಿಗೆ ಸೇರಿಸಿ. ಆದರೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಅಂಥ ಹೊತ್ತಿಗೆಂದು ಮಗನ ಫೋನಿನಲ್ಲಿ ನಿಮ್ಮ ಅಂಗಳದಲ್ಲಿ ಚೆನ್ನಾಗಿ ಸಿಗ್ನಲ್ ಸಿಗುವ ಇನ್ನೊಂದು ಸಿಮ್ ಇರಲಿ.