ಎಂಜಿನ್ನಿಗಿಂತ ಮೊದಲು ತಗಡು ನೋಡು

ಪುಟ್ಟಾ,

ಹಳೇ ಮಿಯಾಟಾ ಕೊಂಡೇ ತೀರ್ತೀನಿ ಅಂತ ನೀನು ಪಟ್ಟು ಹಿಡಿದಿದ್ದೀಯ ಅಂತ ನಿಮ್ಮಮ್ಮ ಮೈಸೂರಿಂದ ಫೋನ್ ಮಾಡಿದ್ದಳು. 'ಎರಡೇ ಸೀಟಿನ ಕಾರು ಯಾಕಂತೆ, ನಾವು ಬಂದರೆ ಎಲ್ಲಿ ಕೂರೋದು' ಅನ್ನೋದು ಅಕ್ಕನ ಚಿಂತೆ. ನನ್ನ ಚಿಂತೆ ಬೇರೆ. ನೀನು ಕಳಿಸಿದ ಜಾಹೀರಾತುಗಳಲ್ಲಿ ಫಳಫಳ ಹೊಳೆಯೋ ಬಾನೆಟ್ಟಿದೆ, ಒರೆಸಿ ಇಟ್ಟ ಎಂಜಿನ್ ಇದೆ, ಹೊಸ ಅಲಾಯ್ ವೀಲ್ ಇದೆ. ಗಾಡಿಯ ಅಡಿಭಾಗದ್ದು ಒಂದೂ ಫೋಟೋ ಇಲ್ಲ.

ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋದಲ್ಲಿ ಮಾಜ್ಡಾದವರು ಈ ಗಾಡಿಯನ್ನು ಮೊದಲ ಸಲ ತೋರಿಸಿದರು. ಅಲ್ಲಿವರೆಗೆ ಟಾಪ್ ಬಿಚ್ಚಿ ಓಡಿಸೋ ಪುಟ್ಟ ಸ್ಪೋರ್ಟ್ಸ್ ಕಾರು ಅಂದರೆ ಬ್ರಿಟಿಷರದು. ಓಡಿಸೋಕೆ ಸೊಗಸು, ಆದರೆ ನಿಂತಲ್ಲೆಲ್ಲ ಎಣ್ಣೆ ಸುರಿಸೋದು, ಮಳೆ ಬಂದರೆ ಕರೆಂಟ್ ಕೈಕೊಡೋದು. ಅದೇ ಸೊಗಸನ್ನು ಹಿರೋಷಿಮಾದ ಈ ಮಾಜ್ಡಾದವರು ದಿನಾ ಬೆಳಿಗ್ಗೆ ತಪ್ಪದೆ ಸ್ಟಾರ್ಟ್ ಆಗೋ ಗಾಡಿಯಲ್ಲಿ ಕೊಟ್ಟರು. 2016ರ ಹೊತ್ತಿಗೆ ಹತ್ತು ಲಕ್ಷ ಗಾಡಿ ತಯಾರಾಗಿತ್ತು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ನೀನು ನೋಡ್ತಿರೋದು 1990ರಿಂದ 97ರ ಮೊದಲ ತಲೆಮಾರು, ಅಂದರೆ ಹೆಡ್‌ಲೈಟ್ ಎದ್ದು ಕೂರೋದು, ಮತ್ತೆ 1999ರಿಂದ 2005ರ ಎರಡನೆಯದು. ಎರಡೂ ಒಳ್ಳೆಯವೇ.

ಈ ಗಾಡಿಯಲ್ಲಿ ಎಂಜಿನ್ ಮೋಸ ಮಾಡೋದು ಅಪರೂಪ ಕಣೋ. ಮಾಡಿದರೂ ಬೇರೊಂದು ಎಂಜಿನ್ ತಂದು ಕೂರಿಸಬಹುದು. ತಗಡು ಹಾಳಾಗಿದ್ದರೆ ಮಾತ್ರ ಗಾಡಿ ಮುಗೀತು ಅಂತಲೇ ಲೆಕ್ಕ. ನಿಮ್ಮ ನ್ಯೂಜೆರ್ಸಿಯಲ್ಲೂ ನಮ್ಮ ಒಹಾಯೋದಲ್ಲೂ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಎರಚ್ತಾರೆ. ಆ ಉಪ್ಪುನೀರು ಅಡಿಯಲ್ಲಿ ಸಂದಿಗೊಂದಿ ಸೇರಿಕೊಂಡು ವರ್ಷಗಟ್ಟಲೆ ತಿನ್ನುತ್ತೆ. ಮೇಲೆ ಥಳುಕು ಒಳಗೆ ಹುಳುಕು ಅನ್ನೋದು ಇಂಥ ಗಾಡಿಗೇ ಹೇಳಿದ ಹಾಗಿದೆ. ಅರಿಜೋನಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬಿಸಿಲಲ್ಲಿ ನಿಂತು ಬಣ್ಣ ಮಾಸಿ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟ ಗಾಡಿ ಸಿಕ್ಕರೆ, ಸಾಗಣೆ ಖರ್ಚು ಕೊಟ್ಟಾದರೂ ಅದನ್ನೇ ತರಿಸು. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು.

ನೋಡೋಕೆ ಹೋದಾಗ ಮೊದಲು ಮಂಡಿಯೂರಿ ಕೂತು ಬಾಗಿಲ ಕೆಳಗಿನ ಸಿಲ್ ನೋಡು. ಅದರಲ್ಲೂ ಹಿಂದಿನ ಚಕ್ರದ ಮುಂದಿರೋ ಒಂದು ಗೇಣು ಜಾಗ. ಬಣ್ಣ ಅಲ್ಲಿ ಸಣ್ಣದಾಗಿ ಗುಳ್ಳೆ ಎದ್ದಿದ್ದರೆ ಒಳಗೆ ತೂತೇ ಬಿದ್ದಿದೆ ಅಂದುಕೊ. ಯಾಕೆ ಅಲ್ಲೇ ಅಂದರೆ, ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗೆ ಹರಿದು ಬಂದು, ಅಲ್ಲಿಂದ ಎರಡು ಕೊಳವೆ ಮೂಲಕ ಕೆಳಗಿಳಿದು ಹಿಂದಿನ ಚಕ್ರದ ಮುಂದೆ ಹೊರಗೆ ಬೀಳಬೇಕು. ಮರದ ಕೆಳಗೆ ನಿಲ್ಲಿಸೋ ಗಾಡಿಯಲ್ಲಿ ಎಲೆ, ಪೈನ್ ಎಸಳು, ಮಣ್ಣು ಸೇರಿ ಕೊಳವೆ ಕಟ್ಟಿಕೊಳ್ಳುತ್ತೆ. ಆಗ ನೀರು ಸಿಲ್ಲಿನೊಳಗೆ ನಿಂತು ಒಳಗಿಂದ ತಿನ್ನೋಕೆ ಶುರುಮಾಡುತ್ತೆ, ಇಲ್ಲವೇ ಸೀಟಿನ ಹಿಂದಿನ ಕಾರ್ಪೆಟ್ಟಿಗೆ ಇಳಿಯುತ್ತೆ. ಹೊರಗಿಂದ ಉಪ್ಪು, ಒಳಗಿಂದ ಮಳೆನೀರು, ನಡುವೆ ತೆಳ್ಳನೆ ತಗಡು.

ಪರೀಕ್ಷೆ ಸುಲಭ. ಹೋಗುವಾಗ ಒಂದು ಬಾಟಲಿ ನೀರು ತಗೊಂಡು ಹೋಗು. ಮಾರುವವರನ್ನು ಕೇಳಿಯೇ ಟಾಪ್ ಅರ್ಧ ಮಡಚಿ, ಆ ಮೂಲೆಗೆ ಸ್ವಲ್ಪಸ್ವಲ್ಪವಾಗಿ ನೀರು ಬಿಟ್ಟು ಕೆಳಗೆ ಬಗ್ಗಿ ನೋಡು. ಎರಡೂ ಕಡೆ ನೀರು ಸರಾಗವಾಗಿ ಸುರಿದರೆ ಸರಿ. ಒಂದು ಕಡೆ ಬಂದು ಇನ್ನೊಂದು ಕಡೆ ಬರದೇ ಹೋದರೆ ಬರದ ಕಡೆಯ ಕಾರ್ಪೆಟ್ಟಿನ ಕೆಳಗೆ ಕೈ ಹಾಕು. ಒದ್ದೆ ಇದ್ದರೆ ಬೆರಳಿಗೆ ತಿಳಿಯುತ್ತೆ. ಒಣಗಿಸಿಟ್ಟಿದ್ದರೂ ಮುಗ್ಗಲು ವಾಸನೆ ಎಲ್ಲಿಗೂ ಹೋಗಿರಲ್ಲ. ತಗಡು ಗಟ್ಟಿ ಇದ್ದು ಬರೀ ಕೊಳವೆ ಕಟ್ಟಿದ್ದರೆ ಹೆದರಬೇಡ, ಹುಲ್ಲು ಕತ್ತರಿಸೋ ಯಂತ್ರದ ಪ್ಲಾಸ್ಟಿಕ್ ದಾರವನ್ನು ಮೇಲಿಂದ ಮೆಲ್ಲಗೆ ಆಡಿಸಿದರೆ ಬಿಡಿಸಿಕೊಳ್ಳುತ್ತೆ. ಕಬ್ಬಿಣದ ತಂತಿ ಹಾಕಿ ತಿವೀಬೇಡ. ಕಂಪ್ರೆಸರ್ ಗಾಳಿಯೂ ಬೇಡ, ಒಳಗೆ ಕೊಳವೆ ಕಳಚಿಕೊಂಡರೆ ಇದ್ದ ತೊಂದರೆ ಎರಡಾಗುತ್ತೆ.

ಸಿಲ್ಲಿಗೆ ಯಾರಾದರೂ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರಾ ಅಂತ ತಿಳಿಯೋಕೆ, ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಉದ್ದಕ್ಕೂ ಆಡಿಸು. ತಗಡಿದ್ದಲ್ಲಿ ಹಿಡಿಯುತ್ತೆ, ಪುಟ್ಟಿ ಇದ್ದಲ್ಲಿ ಜಾರುತ್ತೆ. ಕೊಳೆತ ಸಿಲ್ಲನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬಹುದು, ನಿಜ. ಆದರೆ ಒಳ್ಳೇ ಟಿಂಕರಿಂಗ್ ಕೆಲಸದವನು ಇಲ್ಲಿ ಕೇಳೋ ಕೂಲಿಗೆ ಇನ್ನೊಂದು ಗಾಡಿಯೇ ಬಂದೀತು. ಅಂಥದ್ದು ಕಂಡರೆ ಚೌಕಾಸಿಗೂ ನಿಲ್ಲಬೇಡ, ನಮಸ್ಕಾರ ಹೇಳಿ ಎದ್ದು ಬಾ.

ಅಡಿಯಲ್ಲಿ ನೋಡೋದು ಇನ್ನೂ ಎರಡಿದೆ. ಎಡಕ್ಕೊಂದು ಬಲಕ್ಕೊಂದು ಉದ್ದಕ್ಕೆ ಹೋಗೋ ಫ್ರೇಮಿನ ಪಟ್ಟಿಗಳು, ತಿಳಿಯದವರು ಅಲ್ಲಿಗೇ ಜ್ಯಾಕ್ ಕೊಟ್ಟು ನಜ್ಜುಗುಜ್ಜಾಗಿರುತ್ತವೆ. ನೋಡೋಕೆ ಅಸಹ್ಯ ಅಷ್ಟೇ, ತುಕ್ಕಿಲ್ಲದಿದ್ದರೆ ಅದಕ್ಕಾಗಿ ಗಾಡಿ ಬಿಡಬೇಕಿಲ್ಲ. ಆದರೆ ಎರಡನೇ ತಲೆಮಾರಿನ ಗಾಡಿಯಾದರೆ ಮುಂದಿನ ಚಕ್ರಗಳ ನಡುವಿನ ಫ್ರೇಮನ್ನು ಟಾರ್ಚ್ ಬಿಟ್ಟು ಚೆನ್ನಾಗಿ ನೋಡು. ಅಲ್ಲಿ ಎರಡು ಪದರ ತಗಡಿದೆ. ನಡುವೆ ನೀರು ಸೇರಿದರೆ ಹೊರಗೆ ಏನೂ ಕಾಣದೆ ಒಳಗೇ ಕೊಳೆಯುತ್ತೆ. ಡಿಕ್ಕಿಯ ಮ್ಯಾಟನ್ನೂ ಎತ್ತು. ಇದರ ಬ್ಯಾಟರಿ ಡಿಕ್ಕಿಯಲ್ಲಿರುತ್ತೆ. ಇದಕ್ಕೆಂದೇ ಬರೋ ಮುಚ್ಚಿದ ಬ್ಯಾಟರಿ ಬಿಟ್ಟು ಅಗ್ಗದ ಮಾಮೂಲಿ ಬ್ಯಾಟರಿ ಹಾಕಿದ್ದರೆ ಆಸಿಡ್ ಸೋರಿ ಕೆಳಗಿನ ತಗಡು ಪುಡಿಪುಡಿಯಾಗಿರುತ್ತೆ.

ಇಷ್ಟಾದ ಮೇಲೆ ಬಾನೆಟ್ ಎತ್ತು. ಎತ್ತೋ ಮುಂಚೆ ಅದರ ಮೇಲೆ ಅಂಗೈ ಇಡು. ಕೋಲ್ಡ್ ಸ್ಟಾರ್ಟ್ ನೋಡಬೇಕು, ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಬೇಕು. ಗೆಳೆಯರೊಬ್ಬರ ಜೊತೆ ಒಂದು ಗಾಡಿ ನೋಡೋಕೆ ಹೋದಾಗ ಬಾನೆಟ್ ಬೆಚ್ಚಗಿತ್ತು. 'ಈಗಷ್ಟೇ ತೊಳೆಯೋಕೆ ಹೊರಗೆ ತೆಗೆದೆ' ಅಂದ ಮಾರುವವನು. ಸೈಲೆನ್ಸರ್ ಕೆಳಗಿನ ನೆಲ ಒಣಗಿತ್ತು, ಗಾಡಿ ಮೇಲೆ ಧೂಳಿತ್ತು. ನಾವು ಹವಾಮಾನದ ವಿಷಯ ಮಾತಾಡಿ ವಾಪಸು ಬಂದೆವು.

ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಮೇಲ್ಗಡೆಯಿಂದ ಹೊಲಿಗೆ ಯಂತ್ರದ ಥರ ಟಿಕಟಿಕ ಸದ್ದು ಬಂದರೆ ಗಾಬರಿ ಬೇಡ. ಮೊದಲ ತಲೆಮಾರಿನಲ್ಲಿ ವಾಲ್ವಿನ ಹೈಡ್ರಾಲಿಕ್ ಲಿಫ್ಟರ್‌ಗಳು ಎಣ್ಣೆ ತುಂಬಿಕೊಳ್ಳೋವರೆಗೆ ಹಾಗೇ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಣ್ಣೆ ಬದಲಿಸಿದಾಗ ಬಹುಮಟ್ಟಿಗೆ ಸರಿಹೋಗುತ್ತೆ. ಕೆಳಗಿನಿಂದ ಗುದ್ದಿದ ಹಾಗೆ ಬರೋ ಸದ್ದು, ನೀಲಿ ಹೊಗೆ, ಇವೆರಡಕ್ಕೆ ಮಾತ್ರ ಹೆದರು.

1990ರ ಗಾಡಿಗೂ 91ರ ಮೊದಮೊದಲ ಗಾಡಿಗೂ ಒಂದು ಜಾತಕದೋಷ ಇದೆ. ಅವುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ ಗಿಡ್ಡ. ಟೈಮಿಂಗ್ ಬೆಲ್ಟ್ ಬದಲಿಸಿದವನು ಅಲ್ಲಿನ ಬೋಲ್ಟನ್ನು ಸರಿಯಾಗಿ ಬಿಗಿ ಮಾಡದಿದ್ದರೆ ಪುಲ್ಲಿ ಹಿಡಿದಿರೋ ಕೀ ಸವೆದು, ಟೈಮಿಂಗ್ ತಪ್ಪಿ, ಎಳೆತ ಸೊರಗುತ್ತೆ. ಆಮೇಲೆ ಆ ಕ್ರ್ಯಾಂಕೇ ಹೋದ ಹಾಗೆ. ಕೆಳಗಿನ ಪುಲ್ಲಿಯ ನಡುವೆ ಟಾರ್ಚ್ ಬಿಡು: ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ. ನಾಲ್ಕೇ ಇದ್ದರೂ, ಎಂಜಿನ್ ಓಡುವಾಗ ಪುಲ್ಲಿ ಅಲುಗದೆ ತಿರುಗ್ತಿದ್ದರೆ ಕೊಳ್ಳಬಹುದು. ಆದರೆ ಬೆಲೆ ಇಳಿಸಿ.

ಬೆಲ್ಟ್ ಅರವತ್ತು ಸಾವಿರ ಮೈಲಿಗೊಮ್ಮೆ ಬದಲಿಸಬೇಕು. ರಸೀದಿ ಕೇಳು. 'ಹಿಂದಿನವರು ಹಾಕಿಸಿದ್ರಂತೆ' ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ ಹಿಡಿ. ಮೊದಲ ತಲೆಮಾರಿನಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವಿಗೆ ಬಡಿಯೋದಿಲ್ಲ, ನೀನು ಮಾತ್ರ ಟೋ ಟ್ರಕ್ಕಿಗೆ ಕಾಯಬೇಕಾಗುತ್ತೆ ಅಷ್ಟೇ. ಬಿಚ್ಚಿದಾಗ ವಾಟರ್ ಪಂಪು, ಮುಂದಿನ ಆಯಿಲ್ ಸೀಲುಗಳನ್ನೂ ಹಾಕಿಬಿಡು.

ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಎಣ್ಣೆ ಜಿನುಗಿದ್ದರೆ ಮೆಕ್ಯಾನಿಕ್ಕುಗಳು ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ ದೊಡ್ಡ ಬಿಲ್ಲು ತೋರಿಸ್ತಾರೆ. ಮೊದಲ ತಲೆಮಾರಿನ ಗಾಡಿಯಾದರೆ ಆ ಎಣ್ಣೆ ಎಷ್ಟೋ ಸಲ ಮೇಲಿಂದ ಬರ್ತಿರುತ್ತೆ. ಎಂಜಿನ್ ಹೆಡ್ಡಿನ ಹಿಂದೆ ಕ್ಯಾಮ್ ಆ್ಯಂಗಲ್ ಸೆನ್ಸರ್ ಅಂತ ಒಂದಿದೆ, ಅದರ ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಸೋರುತ್ತೆ. ಕೆಲವೇ ಡಾಲರಿನ ರಿಂಗು. ಬೆರಳು ಹಾಕಿ ಸವರಿ ನೋಡು. ಮಾರುವವನಿಗೆ ಅದು ಗೊತ್ತಿಲ್ಲದಿದ್ದರೆ ನೀನು ಪಾಠ ಹೇಳೋಕೆ ಹೋಗಬೇಡ, ಬೆಲೆ ಮಾತಾಡು.

ಕ್ಲಚ್ಚಿನದೂ ಹೀಗೇ. ಪೆಡಲ್ ನೆಲಕ್ಕಿಳಿದು ಒಂದನೇ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ಹೋಯಿತು ಅಂದುಕೊಂಡು ಎಷ್ಟೋ ಜನ ಗಾಡಿಯನ್ನೇ ಅಗ್ಗಕ್ಕೆ ಮಾರ್ತಾರೆ. ಬಹಳಷ್ಟು ಸಲ ಹೋಗಿರೋದು ಗೇರ್‌ಬಾಕ್ಸಿನ ಬಲಮಗ್ಗುಲಿಗೆ ಎರಡು ಬೋಲ್ಟಲ್ಲಿ ಕೂತಿರೋ ಸ್ಲೇವ್ ಸಿಲಿಂಡರ್. ಅದರ ರಬ್ಬರ್ ಟೋಪಿಯನ್ನು ಬೆರಳಲ್ಲಿ ಸ್ವಲ್ಪ ಸರಿಸು, ಒಳಗೆ ಕಪ್ಪು ದ್ರವ ಇದ್ದರೆ ಅದೇ ಕಳ್ಳ. ಒಣಗಿದ್ದರೆ ಮೇಲಿನ ಮಾಸ್ಟರ್ ಸಿಲಿಂಡರ್ ಪರೀಕ್ಷೆ ಮಾಡು: ಎಂಜಿನ್ ಓಡ್ತಿರಲಿ, ಒಂದನೇ ಗೇರಲ್ಲಿ ಕ್ಲಚ್ ಒತ್ತಿ ಹಿಡಿದು ಒಂದು ನಿಮಿಷ ಸುಮ್ಮನೆ ಕೂತಿರು. ಗಾಡಿ ಮೆಲ್ಲಗೆ ಮುಂದಕ್ಕೆ ತೆವಳಿದರೆ ಒತ್ತಡ ಅಲ್ಲಿ ಜಾರ್ತಿದೆ. ಒಂದನ್ನು ಬದಲಿಸಿದರೆ ಇನ್ನೊಂದು ಸ್ವಲ್ಪ ದಿನದಲ್ಲೇ ಕೈ ಎತ್ತುತ್ತೆ, ಎರಡನ್ನೂ ಒಟ್ಟಿಗೆ ಹಾಕು. ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನದ ಕೆಲಸ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪಗಿರಬೇಕು. ಕಂದು ತಿರುಗಿದ್ದರೆ ಬಿರುಕು ಬಿಡೋ ದಿನ ದೂರವಿಲ್ಲ. ಹೆಡ್‌ಲೈಟ್ ಏಳದಿದ್ದರೆ, ಕಿಟಕಿ ನಿಧಾನ ಏರಿದರೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಿದ್ದರೆ ಕೊಸರಾಡೋಕೆ ಒಳ್ಳೇ ನೆಪ. ಹಿಂದಿನ ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿರುತ್ತೆ. ಓಡಿಸಿ ಬಂದ ಮೇಲೆ ವೀಲ್ ಹತ್ತಿರ ಕೈ ಒಯ್ದು ನೋಡು, ಒಂದೇ ಕಡೆ ಕಾವು ಹೆಚ್ಚಿದ್ದರೆ ಅದೇ. ಟೈರಿನ ಹೂವು ನೋಡಿ ಮೋಸ ಹೋಗಬೇಡ, ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ: 2315 ಅಂದರೆ 2015ರ 23ನೇ ವಾರ ತಯಾರಾದದ್ದು. ಇಂಥ ಗಾಡಿ ಕಡಿಮೆ ಓಡೋದರಿಂದ ಹೂವು ಹಾಗೇ ಇದ್ದು ರಬ್ಬರ್ ಮಾತ್ರ ಕಲ್ಲಾಗಿರುತ್ತೆ. ಮಳೆಯಲ್ಲಿ ತಿರುವು ತಗೊಂಡಾಗ ಹಿಂಬದಿ ಜಾರೋದು ಅದರಿಂದಲೇ.

ಹುಡುಗರು ತಿದ್ದಿದ ಗಾಡಿಯಿಂದ ದೂರ ಇರು. ಟರ್ಬೋ ಕೂರಿಸಿದ್ದು, ಸ್ಟೀರಿಂಗ್ ಬದಲಿಸೋ ಭರದಲ್ಲಿ ಏರ್‌ಬ್ಯಾಗ್ ಕಿತ್ತದ್ದು, ಸ್ಟೀರಿಯೋಗೆ ಅಂತ ವೈರು ಕತ್ತರಿಸಿ ಟೇಪ್ ಸುತ್ತಿದ್ದು, ಇವನ್ನೆಲ್ಲ ಬಿಡಿಸಿ ಮೊದಲಿನಂತೆ ಮಾಡೋಕೆ ಕೂತರೆ ಆಯುಷ್ಯ ಸಾಲದು. ಗಾಡಿಯ ಟೈಟಲ್ ಪತ್ರದಲ್ಲಿ 'ಸ್ಯಾಲ್ವೇಜ್', ಅಂದರೆ ಗುಜರಿ ಲೆಕ್ಕಕ್ಕೆ ಬಿಟ್ಟದ್ದು, ಅಂತಿದ್ದರೆ ಅದರ ಸಹವಾಸವೇ ಬೇಡ. ಕೊನೆಗೆ ಎಷ್ಟೇ ಇಷ್ಟವಾದರೂ ಮಾರುವವನಿಗೆ ಪರಿಚಯ ಇಲ್ಲದ ಮೆಕ್ಯಾನಿಕ್ಕಿನ ಹತ್ತಿರ ಲಿಫ್ಟ್ ಮೇಲೆ ಏರಿಸಿ ತೋರಿಸು. ಬೇಡ ಅಂದವನ ಗಾಡಿ ಬೇಡ. ಇರೋ ದುಡ್ಡನ್ನೆಲ್ಲ ಗಾಡಿಗೇ ಸುರೀಬೇಡ, ಕಾಲುಭಾಗ ರಿಪೇರಿಗೆ ಎತ್ತಿಡು.

ವಾಪಸು ಹೋಗುವಾಗ ಊರಿಗೆ ತಗೊಂಡು ಹೋಗ್ತೀನಿ ಅಂತ ಅಕ್ಕನಿಗೆ ಹೇಳಿದ್ದೀಯಂತೆ. ಆ ಕನಸು ಬಿಡು. ಇಲ್ಲಿನ ಎಡಗಡೆ ಸ್ಟೀರಿಂಗ್ ಅಲ್ಲಿ ನಡೆಯಲ್ಲ, ಮೂರು ವರ್ಷ ದಾಟಿದ ಹಳೇ ಗಾಡಿಯನ್ನು ಆಮದು ಮಾಡೋಕೂ ಬಿಡಲ್ಲ. ಅಲ್ಲಿ ಮಾಜ್ಡಾ ಕಂಪನಿಯೇ ಇಲ್ಲ, ಒಂದು ವೈಪರ್ ಬೇಕೆಂದರೂ ಪರದಾಡಬೇಕು.

ಗಾಡಿ ಕೈಗೆ ಬಂದ ವಾರದಲ್ಲಿ ಎಂಜಿನ್, ಗೇರ್, ಡಿಫರೆನ್ಷಿಯಲ್ ಎಣ್ಣೆ, ಕೂಲೆಂಟು, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಬಿಡು. ಬೆಲ್ಟಿನ ಕೆಲಸ ಇದ್ದರೆ ಶುಕ್ರವಾರ ರಾತ್ರಿ ಹೊರಟು ನಾನೇ ಬರ್ತೀನಿ. ಟಾರ್ಕ್ ವ್ರೆಂಚ್ ನನ್ನ ಹತ್ತಿರ ಇದೆ, ನೀನು ಕೊಳ್ಳೋಕೆ ಹೋಗಬೇಡ. ಊಟಕ್ಕೆ ಬಿಸಿಬೇಳೆ ಭಾತ್ ಮಾಡಿಟ್ಟಿರು, ಪಿಜ್ಜಾ ತರಿಸಿ ಕೈತೊಳ್ಕೋಬೇಡ.

ನಿನ್ನ ಮಾವ